ಏಂಜಲ್ ಮೀನು ತನ್ನ ಮೊಟ್ಟೆಯನ್ನೇ ಯಾಕೆ ತಿನ್ನುತ್ತದೆ?

ಮನೆಯಲ್ಲಿ ಏಂಜಲ್ ಮೀನು ಸಾಕುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ರಾತ್ರಿ ಮಲಗುವಾಗ ಎಲೆ ತುಂಬಾ ಮೊಟ್ಟೆ ಇತ್ತು, ಬೆಳಗ್ಗೆ ನೋಡಿದರೆ ಒಂದೂ ಇಲ್ಲ. ಅಪ್ಪ ಅಮ್ಮನೇ ತಿಂದುಬಿಟ್ಟಿವೆ. ಮುಂದಿನ ಸಲ ಮೊಟ್ಟೆ ಇಟ್ಟ ತಕ್ಷಣ ಬೇರೆ ಟ್ಯಾಂಕಿಗೆ ಹಾಕಿಬಿಡಲಾ?

ಬೇಡ ಅನ್ನುವುದೇ ನನ್ನ ಉತ್ತರ. ಮೊಟ್ಟೆ ಅಪ್ಪ ಅಮ್ಮನ ಹತ್ತಿರವೇ ಇರಲಿ. ನೀವು ಆ ಹೊತ್ತನ್ನು ಮರಿಗಳ ಊಟದ ತಯಾರಿಗೆ ಬಳಸಿ. ಮೊಟ್ಟೆ ಹೋದರೆ ಅದೇ ಜೋಡಿ ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಮತ್ತೆ ಇಡುತ್ತದೆ. ಈಜಲು ಶುರುಮಾಡಿದ ಮರಿಗಳು ಹಸಿವಿನಿಂದ ಸಾಯುವುದೇ ನಿಜವಾದ ನಷ್ಟ. ಅದರ ಬಗ್ಗೆ ಯಾರೂ ಕೇಳುವುದಿಲ್ಲ.

ಏಂಜಲ್ ಸಿಕ್ಲಿಡ್ ಕುಟುಂಬದ ಮೀನು. ತವರು ಅಮೆಜಾನ್ ನದಿಯ ಸೀಮೆ. ಮರಿ ಕಾಯುವುದು ಈ ಕುಟುಂಬದ ರಕ್ತದಲ್ಲೇ ಇದೆ. ಆಫ್ರಿಕಾದ ಮಲಾವಿ ಸರೋವರದ ಬಹುತೇಕ ಸಿಕ್ಲಿಡ್‌ಗಳಲ್ಲಿ ತಾಯಿ ಮೊಟ್ಟೆಗಳನ್ನು ಬಾಯೊಳಗೆ ಇಟ್ಟುಕೊಂಡು ಸುಮಾರು 3 ವಾರ ಸರಿಯಾಗಿ ತಿನ್ನದೆ ಇರುತ್ತದೆ. ಇದೇ ಕುಟುಂಬದ ಡಿಸ್ಕಸ್ ಮೀನಿನ ಮರಿಗಳಿಗೆ ಅಪ್ಪ ಅಮ್ಮನ ಮೈಮೇಲಿನ ಲೋಳೆಯೇ ಮೊದಲ ಊಟ. 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯಾ, ನಾವು ಮಾರ್ಕೆಟ್ಟಿನಲ್ಲಿ ಜಿಲೇಬಿ ಅನ್ನುವ ಮೀನು, ಅದೂ ಬಾಯಲ್ಲೇ ಮರಿ ಮಾಡುತ್ತದೆ. ಭಾರತದ್ದೇ ಆದ ಸಿಕ್ಲಿಡ್‌ಗಳು 3 ಮಾತ್ರ. ಅವುಗಳಲ್ಲಿ ಒಂದು, ಎಟ್ರೋಪ್ಲಸ್ ಕೆನರೆನ್ಸಿಸ್, ದಕ್ಷಿಣ ಕನ್ನಡದ ನದಿಗಳಲ್ಲಿರುವ ಮೀನು. ಇಂಥ ಕುಟುಂಬದ ಮೀನು ಮೊಟ್ಟೆ ತಿಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ.

ಜಾಸ್ತಿ ಸಲ ಕಾರಣ ಮೊಟ್ಟೆಯಲ್ಲೇ ಇರುತ್ತದೆ. ಗಂಡು ಸರಿಯಾಗಿ ಫಲ ಕಟ್ಟದ ಮೊಟ್ಟೆ ಒಂದು ದಿನದೊಳಗೆ ಬಿಳಿಯಾಗುತ್ತದೆ. ಆಮೇಲೆ ಅದರ ಮೇಲೆ ಹತ್ತಿಯಂಥ ಬೂಷ್ಟು ಬೆಳೆದು ಪಕ್ಕದ ಒಳ್ಳೆಯ ಮೊಟ್ಟೆಗೂ ಹರಡುತ್ತದೆ. ಬಿಳಿ ಮೊಟ್ಟೆಗಳನ್ನು ಹೆಕ್ಕಿ ತಿನ್ನುವುದು ಅಪ್ಪ ಅಮ್ಮನ ಕೆಲಸದ ಭಾಗ. ಎಲ್ಲವೂ ಬಿಳಿಯಾದರೆ ಎಲ್ಲವನ್ನೂ ತಿನ್ನುತ್ತವೆ. ಆಗ ನಿಮ್ಮ ಜೋಡಿಯನ್ನು ಒಮ್ಮೆ ಸರಿಯಾಗಿ ನೋಡಿ. ಎರಡೂ ಹೆಣ್ಣಾಗಿದ್ದರೂ ಏಂಜಲ್‌ಗಳು ಜೋಡಿಯಂತೆ ಇದ್ದು ಮೊಟ್ಟೆ ಇಡುತ್ತವೆ. ಮೊಟ್ಟೆ ಇಡುವ ಹೊತ್ತಿಗೆ ಹೊಟ್ಟೆಯ ಕೆಳಗೆ ಒಂದು ಸಣ್ಣ ನಳಿಗೆ ಹೊರಗೆ ಬರುತ್ತದೆ. ಹೆಣ್ಣಿನದು ದಪ್ಪ, ಮೊಂಡು. ಗಂಡಿನದು ಸಣ್ಣ, ಚೂಪು. ಬೇರೆ ಹೊತ್ತಿನಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ. ಅದಕ್ಕೇ ಜೋಡಿ ಅಂತ ಹೇಳಿ ಮಾರುವ ಎರಡು ಮೀನು ತರುವುದಕ್ಕಿಂತ ಆರು ಮರಿ ತಂದು ಒಟ್ಟಿಗೆ ಬೆಳೆಸುವುದು ವಾಸಿ. ಜೋಡಿಯನ್ನು ಅವೇ ಮಾಡಿಕೊಳ್ಳುತ್ತವೆ.

ನೀರೂ ಒಂದು ಕಾರಣ. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಬೋರ್‌ವೆಲ್ ನೀರು ತುಂಬಾ ಗಡಸು. ಏಂಜಲ್ ಅದರಲ್ಲಿ ಬದುಕುತ್ತದೆ, ಬೆಳೆಯುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಆದರೆ ಫಲ ಕಟ್ಟುವುದು ಕಡಿಮೆ. ಬೋರ್‌ವೆಲ್ ನೀರಿಗೆ ಮಳೆನೀರನ್ನೋ ಆರ್‌ಒ ನೀರನ್ನೋ ಬೆರೆಸಿದರೆ ವ್ಯತ್ಯಾಸ ಕಾಣುತ್ತದೆ. ನಲ್ಲಿಯಲ್ಲಿ ಬರುವ ಕಾವೇರಿ ನೀರು ಅದಕ್ಕಿಂತ ಮೆದು, ಆದರೆ ಕ್ಲೋರಿನ್ ಇರುತ್ತದೆ, ತೆಗೆದೇ ಬಳಸಬೇಕು. ಚಳಿಗಾಲದ ರಾತ್ರಿಗಳಲ್ಲಿ ಹೀಟರ್ ಇಲ್ಲದೆ ಆಗುವುದಿಲ್ಲ. ಮೊಟ್ಟೆಗೂ ಮರಿಗೂ 27ರಿಂದ 28 ಡಿಗ್ರಿ ಬೇಕು.

ಇನ್ನೊಂದು ಕಾರಣ ಹೆದರಿಕೆ. ಅದೇ ಟ್ಯಾಂಕಿನಲ್ಲಿ ಬೇರೆ ಮೀನುಗಳಿದ್ದರೆ ಜೋಡಿ ಹಗಲೆಲ್ಲ ಅವನ್ನು ಓಡಿಸುತ್ತಲೇ ಇರುತ್ತದೆ. ರಾತ್ರಿ ದೀಪ ಆರಿಸಿದ ಮೇಲೆ ಕಾಯುವುದು ಆಗುವುದಿಲ್ಲ. ಬೆಳಗ್ಗೆ ಮೊಟ್ಟೆ ಮಾಯವಾಗಿದ್ದರೆ ತಿಂದವರು ಯಾರು ಅಂತ ಖಚಿತವಾಗಿ ಹೇಳಲೂ ಆಗದು. ಜೋಡಿಗೆ ಅದರದೇ ಟ್ಯಾಂಕ್ ಕೊಡಿ. 2 ಅಡಿ ಉದ್ದ, ಒಂದೂವರೆ ಅಡಿ ಎತ್ತರ ಇದ್ದರೆ ಸಾಕು. ರಾತ್ರಿ ಕೋಣೆಯಲ್ಲಿ ಒಂದು ಸಣ್ಣ ದೀಪ ಉರಿಯುತ್ತಿರಲಿ. ಗಾಜಿನ ಹತ್ತಿರ ಮುಖ ಇಟ್ಟು ಫೋಟೋ ತೆಗೆಯುವುದನ್ನು ಒಂದು ವಾರ ಬಿಡಿ. ಮೊದಲ ಕೆಲವು ಸಲ ಎಳೆಯ ಜೋಡಿ ಎಡವುತ್ತದೆ, ಅದು ಸಹಜ. ಸುಮ್ನೆ ಬಿಟ್ಟರೆ ಹಲವು ಜೋಡಿಗಳು ತಾವಾಗಿ ಕಲಿಯುತ್ತವೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯೂ ಇದೆ. ಮೊಟ್ಟೆ ಇಟ್ಟು ಎರಡು ಎರಡೂವರೆ ದಿನಕ್ಕೆ ಮರಿ ಒಡೆಯುತ್ತದೆ. ಆಗ ಅವಕ್ಕೆ ಈಜಲು ಬರುವುದಿಲ್ಲ. ತಲೆಯ ಮೇಲಿನ ಅಂಟಿನ ಎಳೆಯಿಂದ ಎಲೆಗೆ ಅಂಟಿಕೊಂಡು ಬಾಲ ಅಲ್ಲಾಡಿಸುತ್ತಿರುತ್ತವೆ. ಕೆಳಗೆ ಬಿದ್ದ ಮರಿಯನ್ನು ಅಪ್ಪನೋ ಅಮ್ಮನೋ ಬಾಯಲ್ಲಿ ಎತ್ತಿ, ಸ್ವಲ್ಪ ಜಗಿದಂತೆ ಮಾಡಿ, ಮತ್ತೆ ಎಲೆಗೆ ಉಗುಳುತ್ತದೆ. ಕೆಲವೊಮ್ಮೆ ಇಡೀ ಗುಂಪನ್ನೇ ಹೀಗೆ ಇನ್ನೊಂದು ಎಲೆಗೆ ಸಾಗಿಸುತ್ತವೆ. ಇದನ್ನು ನೋಡಿ ಗಾಬರಿಯಾಗಿ, ತಿನ್ನುತ್ತಿದೆ ಅಂತ ದೊಡ್ಡ ಮೀನುಗಳನ್ನು ಬಲೆ ಹಾಕಿ ತೆಗೆಯುವವರಿದ್ದಾರೆ. ದಯವಿಟ್ಟು ಹತ್ತು ನಿಮಿಷ ಕಾದು ನೋಡಿ. ಅಕ್ವೇರಿಯಂನಲ್ಲಿ ನಾನು ಕಂಡ ಅತ್ಯಂತ ಚೆಂದದ ನೋಟ ಇದೇ. ಮೊಟ್ಟೆಯನ್ನು ಬೇರೆ ಮಾಡಿ, ಬೂಷ್ಟು ತಡೆಯುವ ಮೆಥಿಲೀನ್ ಬ್ಲೂ ಔಷಧಿ ಹಾಕಿದ ನೀರಿನಲ್ಲಿ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಇಟ್ಟು ಮರಿ ಮಾಡಿಸಿದರೆ ಸಂಖ್ಯೆ ಹೆಚ್ಚು ಸಿಗಬಹುದು. ಮಾರಾಟಕ್ಕೆ ಮಾಡುವವರಿಗೆ ಅದು ಬೇಕು. ಮನೆಯಲ್ಲಿ ಪ್ರೀತಿಗೆ ಸಾಕುವವರು ಈ ನೋಟವನ್ನು ಯಾಕೆ ಕಳೆದುಕೊಳ್ಳಬೇಕು?

ಈಗ ಊಟದ ವಿಷಯ. ಒಡೆದ ಮರಿಗೆ ಹೊಟ್ಟೆಯಲ್ಲಿ ಹಳದಿ ಚೀಲ ಇರುತ್ತದೆ. ಅದು ಸುಮಾರು ಐದು ದಿನಕ್ಕೆ ಮುಗಿಯುತ್ತದೆ. ಮರಿಗಳು ಗುಂಪಾಗಿ ಈಜಲು ಶುರು ಮಾಡುವುದೂ ಆಗಲೇ. ಅಂದಿನಿಂದ ಅವಕ್ಕೆ ಓಡಾಡುವ, ಜೀವಂತ ಆಹಾರ ಬೇಕು. ಹೆಚ್ಚಿನವರು ಬೇಯಿಸಿದ ಮೊಟ್ಟೆಯ ಹಳದಿ ಕದಡಿ ಹಾಕುತ್ತಾರೆ. ಮರಿ ತಿನ್ನುವುದು ಸ್ವಲ್ಪ, ಉಳಿದದ್ದು ಕೊಳೆತು ನೀರಿನಲ್ಲಿ ಅಮೋನಿಯಾ ಏರುತ್ತದೆ. ಮರುದಿನ ಮರಿಗಳು ತಳದಲ್ಲಿ ಬಿದ್ದಿರುತ್ತವೆ. ಇದಕ್ಕೆ ನಾನು ಹೇಳುವ ಪರಿಹಾರ ಒಂದೇ, ಆಗಷ್ಟೇ ಒಡೆದ ಬ್ರೈನ್ ಶ್ರಿಂಪ್ ಮರಿ. ಬ್ರೈನ್ ಶ್ರಿಂಪ್ ಅಂದರೆ ಉಪ್ಪುನೀರಿನ ಸಿಗಡಿಯಂಥ ಸಣ್ಣ ಜೀವಿ.

ಇದರ ಒಣ ಮೊಟ್ಟೆ ಅಕ್ವೇರಿಯಂ ಅಂಗಡಿಗಳಲ್ಲಿ ಆರ್ಟೀಮಿಯಾ ಅನ್ನುವ ಹೆಸರಲ್ಲೂ ಸಿಗುತ್ತದೆ. ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿ. 1 ಲೀಟರ್ ನೀರಿಗೆ ಅಯೋಡಿನ್ ಇಲ್ಲದ ಉಪ್ಪು 25ರಿಂದ 30 ಗ್ರಾಂ ಹಾಕಿ. ಅರ್ಧ ಚಮಚ ಮೊಟ್ಟೆ ಹಾಕಿ, ಏರ್ ಪಂಪಿನ ನಳಿಕೆಯನ್ನು ತಳದವರೆಗೆ ಬಿಡಿ. ನೀರು ಕುದಿಯುವಂತೆ ಮೇಲೆ ಕೆಳಗೆ ಆಡಬೇಕು. ಮೇಲೆ ಒಂದು ಬಲ್ಬ್ ಉರಿಯಲಿ. ನೀರು 27, 28 ಡಿಗ್ರಿ ಇದ್ದರೆ ಸುಮಾರು 24 ಗಂಟೆಗೆ ಕಿತ್ತಳೆ ಬಣ್ಣದ ಸಣ್ಣ ಜೀವಿಗಳು ಕಾಣುತ್ತವೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಖಾಲಿ ಸಿಪ್ಪೆ ಮೇಲೆ ತೇಲುತ್ತದೆ. ಒಂದು ಬದಿಗೆ ಟಾರ್ಚ್ ಹಿಡಿದರೆ ಜೀವಿಗಳು ಬೆಳಕಿನ ಕಡೆ ಸೇರುತ್ತವೆ. ಅವನ್ನು ಸಣ್ಣ ಪೈಪಿನಿಂದ ಎಳೆದು, ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕಿ. ಸಿಪ್ಪೆ ಹೋಗದಂತೆ ಜೋಪಾನ, ಅದು ಮರಿಯ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಈ ಬಾಟಲಿಯನ್ನು ಮರಿಗಳು ಈಜುವುದಕ್ಕಿಂತ ಒಂದು ದಿನ ಮೊದಲೇ ಹೂಡಿರಬೇಕು. ಅಂದರೆ ಮೊಟ್ಟೆ ಇಟ್ಟ ಆರನೆಯ ದಿನದ ಸುಮಾರಿಗೆ. ಆಮೇಲೆ ಪ್ರತಿದಿನ ಹೊಸ ಬಾಟಲಿ. ದಿನಕ್ಕೆ ಮೂರು ನಾಲ್ಕು ಸಲ, ಸ್ವಲ್ಪ ಸ್ವಲ್ಪ. ತಿಂದ ಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ಉಬ್ಬಿರುವುದು ಬರಿಗಣ್ಣಿಗೇ ಕಾಣುತ್ತದೆ. ಹಾಗೆ ಕಾಣದ ಮರಿ ಇದ್ದರೆ ಆಹಾರ ಅದರ ತನಕ ತಲುಪುತ್ತಿಲ್ಲ ಅಂತ ತಿಳಿಯಿರಿ.

ಫಿಲ್ಟರ್ ಮೋಟಾರಿನದ್ದು ಬೇಡ, ಮರಿಗಳನ್ನು ಎಳೆದುಕೊಳ್ಳುತ್ತದೆ. ಏರ್ ಪಂಪಿಗೆ ಹಾಕುವ ಸ್ಪಾಂಜ್ ಫಿಲ್ಟರ್ ಸಾಕು. ಅದನ್ನು ಮೊದಲೇ ಬೇರೆ ಟ್ಯಾಂಕಿನಲ್ಲಿ ಓಡಿಸಿ ಪಳಗಿಸಿರಬೇಕು. ಹೊಸ ಸ್ಪಾಂಜಿನಲ್ಲಿ ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾ ಇರುವುದಿಲ್ಲ. ದಿನಕ್ಕೆ ಐದನೇ ಒಂದು ಭಾಗ ನೀರು ಬದಲಿಸಿ, ಅದೇ ಬಿಸಿಯ ನೀರು ಹಾಕಿ. ಕರೆಂಟ್ ಹೋಗುವ ಊರಾದರೆ ಬ್ಯಾಟರಿಯ ಏರ್ ಪಂಪ್ ಒಂದು ಇರಲಿ.

ಮೊದಲ ವಾರಗಳಲ್ಲಿ ಮರಿಗಳು ಏಂಜಲ್ ಥರ ಕಾಣುವುದೇ ಇಲ್ಲ. ನಾಲ್ಕೈದು ವಾರಕ್ಕೆ ರೆಕ್ಕೆಗಳು ಉದ್ದವಾಗಿ ಆಕಾರ ಬರುತ್ತದೆ. ಈ ಹೊತ್ತಿನಲ್ಲಿ ಇಕ್ಕಟ್ಟಾದರೆ, ಊಟ ಕಡಿಮೆಯಾದರೆ ರೆಕ್ಕೆ ಸೊಟ್ಟಗಾಗಿ ಹಾಗೇ ಉಳಿಯಬಹುದು. ನೂರು ಮರಿ ಉಳಿದರೂ ಮನೆಯ ಒಂದು ಟ್ಯಾಂಕಿಗೆ ಅದು ತುಂಬಾ ಜಾಸ್ತಿ. ಅದಕ್ಕೇ ಅವು ಒಂದು ರೂಪಾಯಿ ನಾಣ್ಯದಷ್ಟು ಆಗುವ ಮೊದಲೇ ಪರಿಚಯದ ಅಂಗಡಿಯವರನ್ನೋ ಮೀನು ಸಾಕುವ ಗೆಳೆಯರನ್ನೋ ಕೇಳಿಟ್ಟುಕೊಳ್ಳಿ. ಉಳಿದ ಮರಿಗಳನ್ನು ಕೆರೆಗೆ ಬಿಡುವ ಯೋಚನೆ ಮಾತ್ರ ಬೇಡ. ಹೊರಗಿನಿಂದ ಬಂದ ಸಿಕ್ಲಿಡ್ ಕೆರೆಯಲ್ಲಿ ಹರಡಿ ಅಲ್ಲಿನ ಮೀನುಗಳಿಗೆ ಹೇಗೆ ಕುತ್ತು ತರುತ್ತದೆ ಅನ್ನುವುದನ್ನು ಜಿಲೇಬಿ ಈಗಾಗಲೇ ತೋರಿಸಿದೆ. ತೆಗೆದುಕೊಳ್ಳುವವರು ಸಿಗದಿದ್ದರೆ ಮುಂದಿನ ಸಲ ಇಟ್ಟ ಮೊಟ್ಟೆಗೆ ಬ್ರೈನ್ ಶ್ರಿಂಪ್ ಬಾಟಲಿ ಹೂಡಬೇಡಿ, ಮೊಟ್ಟೆ ಇರುವ ಎಲೆಯನ್ನೇ ತೆಗೆದುಬಿಡಿ.