ಖಾಲಿ ಉತ್ತರದ ಅರ್ಥವೇನು? ಎಐ ಏಜೆಂಟ್‌ಗಾಗಿ ಒಂದು ಟೂಲಿನ ವಿವರಣೆ ಬರೆದ ಅನುಭವ

ಕಳೆದ ಎರಡು ವಾರಗಳಿಂದ ನಾನು ಒಂದು ಚಿಕ್ಕ ಟೂಲಿನ ವಿವರಣೆಯನ್ನು ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದೇನೆ. ಕಡತಗಳ ಬದಲಾವಣೆಗಳ ಇತಿಹಾಸವನ್ನು ಕಾಪಾಡುವ ಗಿಟ್ ಎಂಬ ತಂತ್ರಾಂಶದ ರೆಪೊ (ಅದು ನೋಡಿಕೊಳ್ಳುವ ಕಡತಗಳ ಸಂಗ್ರಹ) ಈಗ ಯಾವ ಸ್ಥಿತಿಯಲ್ಲಿದೆ ಎಂಬುದನ್ನು, ಕೊಟ್ಟ ಕೆಲಸವನ್ನು ತಾನೇ ಮಾಡಿ ಮುಗಿಸುವ ಎಐ ಏಜೆಂಟ್‌ಗೆ ತಿಳಿಸುವುದಷ್ಟೇ ಅದರ ಕೆಲಸ. ಒಳಗೆ ಅದು ನಡೆಸುವುದು ನಾವೆಲ್ಲ ದಿನವೂ ಬಳಸುವ ಗಿಟ್ ಸ್ಟೇಟಸ್ ಆಜ್ಞೆಯನ್ನೇ. ಆದರೂ ಕೋಡ್‌ಗಿಂತ ಟೂಲಿನ ಉತ್ತರವನ್ನು ಹೇಗೆ ಅರ್ಥಮಾಡಿಕೊಳ್ಳಬೇಕೆಂದು ಏಜೆಂಟ್‌ಗೆ ಹೇಳುವ ವಿವರಣೆಗೇ ಹೆಚ್ಚು ಸಮಯ ಹಿಡಿಯಿತು.

ಮೊದಲ ಸಲ ನಾನು ಬರೆದದ್ದು ‘ರೆಪೊದ ಸ್ಥಿತಿಯನ್ನು ತೋರಿಸುತ್ತದೆ’ ಎಂಬ ಒಂದೇ ವಾಕ್ಯ. ಕನ್ನಡ ಪದಪಟ್ಟಿಗಳಿರುವ ನನ್ನ ರೆಪೊದಲ್ಲಿ ಏಜೆಂಟ್ ಕೆಲವು ತಾತ್ಕಾಲಿಕ ಕಡತಗಳನ್ನು ಒಂದು ಹೊಸ ಫೋಲ್ಡರಿನಲ್ಲಿ ಇಟ್ಟಿತ್ತು. ಅದೇ ಫೋಲ್ಡರಿನಲ್ಲಿ ನಾನು ಬೆಳಗ್ಗೆಯಿಂದ ಕುಳಿತು ತಿದ್ದಿದ, ಇನ್ನೂ ಗಿಟ್‌ಗೆ ಸೇರಿಸದ ಪಟ್ಟಿಯೂ ಇತ್ತು. ಫೋಲ್ಡರಿಗೆ ಫೋಲ್ಡರೇ ಟ್ರ್ಯಾಕ್ ಆಗದಿದ್ದಾಗ (ಅಂದರೆ ಅದರ ಯಾವ ಕಡತವನ್ನೂ ಗಿಟ್‌ಗೆ ಸೇರಿಸದಿದ್ದಾಗ) ಗಿಟ್ ಒಳಗಿನ ಕಡತಗಳನ್ನು ಒಂದೊಂದಾಗಿ ಹೇಳದೆ, ಪ್ರಶ್ನಾರ್ಥಕ ಚಿಹ್ನೆಯ ಮುಂದೆ ಫೋಲ್ಡರಿನ ಹೆಸರನ್ನಷ್ಟೇ ಕೊಡುತ್ತದೆ. ಆ ಒಂದು ಸಾಲನ್ನು ನೋಡಿದ ಏಜೆಂಟ್, ಇದು ತಾನೇ ಮಾಡಿದ ಕಸವೆಂದು ಬಗೆದು, ಇಡೀ ಫೋಲ್ಡರನ್ನು ಅಳಿಸಿತು. ಎಂದೂ ಸೇರಿಸದ ಕಡತ ಅಳಿದರೆ ಅದನ್ನು ಗಿಟ್‌ನಿಂದ ಮರಳಿ ಪಡೆಯುವ ದಾರಿಯಿಲ್ಲ. ಟ್ರ್ಯಾಕ್ ಆಗದ ಪ್ರತಿ ಕಡತವನ್ನೂ ಪಟ್ಟಿ ಮಾಡುವ ಆಯ್ಕೆ ಗಿಟ್‌ನಲ್ಲಿದೆ. ಟೂಲ್ ಈಗ ಅದನ್ನೇ ಬಳಸುತ್ತದೆ. ಜೊತೆಗೆ ವಿವರಣೆಯಲ್ಲಿ ‘ಪ್ರಶ್ನಾರ್ಥಕ ಚಿಹ್ನೆ ಎಂದರೆ ಗಿಟ್‌ಗೆ ಈ ಕಡತ ಗೊತ್ತಿಲ್ಲ ಎಂದು ಮಾತ್ರ ಅರ್ಥ, ಕಡತ ಯಾರದು, ಬೇಕೋ ಬೇಡವೋ ಎಂಬುದನ್ನು ಈ ಚಿಹ್ನೆ ಹೇಳುವುದಿಲ್ಲ’ ಎಂದು ಸೇರಿಸಿದ್ದೇನೆ.

ಮನುಷ್ಯರು ಓದಲೆಂದು ಗಿಟ್ ಕೊಡುವ ಉದ್ದನೆಯ ಉತ್ತರ ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದು. ಪ್ರೋಗ್ರಾಮ್‌ಗಳಿಗೆಂದೇ ಇರುವ ಪೋರ್ಸಲೇನ್ ರೂಪ ಸ್ಥಿರವಾಗಿರುತ್ತದೆ. ನಾನು ಆರಿಸಿಕೊಂಡದ್ದು 2016ರ ಗಿಟ್ 2.11ರಲ್ಲಿ ಬಂದ ಅದರ ಎರಡನೆಯ ಆವೃತ್ತಿಯನ್ನು. ಅದರಲ್ಲಿ ಬದಲಾದ ಪ್ರತಿ ಕಡತಕ್ಕೂ ಎರಡು ಗುರುತುಗಳಿರುತ್ತವೆ: ಮೊದಲನೆಯದು ಸ್ಟೇಜ್ ಮಾಡಿದ್ದರ, ಅಂದರೆ ಮುಂದಿನ ಕಮಿಟ್‌ಗೆ (ಇತಿಹಾಸದಲ್ಲಿ ದಾಖಲಿಸಲು) ಆರಿಸಿಟ್ಟದ್ದರ ಸ್ಥಿತಿ, ಎರಡನೆಯದು ಡಿಸ್ಕಿನ ಮೇಲಿರುವ ಕಡತದ ಸ್ಥಿತಿ, ಚುಕ್ಕಿ ಇದ್ದರೆ ಬದಲಾವಣೆ ಇಲ್ಲ. ಎರಡೂ ಕಡೆ ‘ಎಂ’ (ತಿದ್ದಲಾಗಿದೆ) ಬಂದರೆ, ಸ್ಟೇಜ್ ಮಾಡಿದ ಮೇಲೆ ಕಡತವನ್ನು ಮತ್ತೆ ತಿದ್ದಲಾಗಿದೆ ಎಂದರ್ಥ. ಆಗ ಸುಮ್ಮನೆ ಕಮಿಟ್ ಮಾಡಿದರೆ ಹಳೆಯ ತಿದ್ದುಪಡಿ ಮಾತ್ರ ಹೋಗುತ್ತದೆ. ಇದನ್ನು ಉದಾಹರಣೆ ಸಮೇತ ಬರೆದ ಮೇಲೆ ಅರೆಬರೆ ಕಮಿಟ್‌ಗಳು ನನ್ನ ಕಣ್ಣಿಗೆ ಬಿದ್ದಿಲ್ಲ.

ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವವರು ಮುಂದಿನ ವಿಷಯವನ್ನು ಗಮನಿಸಬೇಕೆಂದು ಕೋರುತ್ತೇನೆ. ಆಸ್ಕಿಗೆ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಹಳೆಯ ಸಂಕೇತಪಟ್ಟಿಗೆ) ಸೇರದ ಅಕ್ಷರಗಳು ಹೆಸರಿನಲ್ಲಿದ್ದರೆ ಗಿಟ್ ಡಿಫಾಲ್ಟ್ ಆಗಿ ಅವುಗಳ ಪ್ರತಿ ಬೈಟನ್ನೂ ಅಷ್ಟಮಾನ (0ರಿಂದ 7ರವರೆಗಿನ ಅಂಕಿಗಳ) ಸಂಖ್ಯೆಯಾಗಿ ಬರೆದು, ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಇಡುತ್ತದೆ. ‘ಕ’ ಎಂಬ ಒಂದಕ್ಷರ \340\262\225 ಆಗುತ್ತದೆ. ‘ಕನ್ನಡ’ ಎಂಬ ಪದಕ್ಕೆ ಯೂನಿಕೋಡ್‌ನಲ್ಲಿ 5 ಸಂಕೇತಗಳು, ಅವುಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ರೂಪದಲ್ಲಿ 15 ಬೈಟ್‌ಗಳು. ಗಿಟ್‌ನ ಉತ್ತರದಲ್ಲಿ ಅದು 60 ಚಿಹ್ನೆಗಳ ಸರಮಾಲೆ. ಏಜೆಂಟ್ ಈ ಸರಮಾಲೆಯನ್ನೇ ಕಡತದ ಹೆಸರೆಂದು ತಿಳಿದು ತೆರೆಯಹೋದರೆ ಅಂಥ ಕಡತ ಸಿಗುವುದಿಲ್ಲ. ಆಗ ಅದು ಹೊಸ ಕಡತವನ್ನೇ ಸೃಷ್ಟಿಸುವ ಸಾಧ್ಯತೆಯೂ ಇದೆ. ನಮ್ಮ ಭಾಷೆಯ ಹೆಸರುಗಳು ಹೀಗೆ ಚೂರಾಗಿ ಏಜೆಂಟ್‌ನ ಕೈಸೇರುವುದು ನನಗೆ ಸಣ್ಣ ವಿಷಯವಾಗಿ ಕಾಣಲಿಲ್ಲ. ಸಾಲಿನ ಕೊನೆಗೆ ಶೂನ್ಯ ಬೈಟ್ ಇಡುವ ‘ಝಡ್’ ಆಯ್ಕೆಯನ್ನು ಬಳಸಿದರೆ ಹೆಸರುಗಳು ಇದ್ದಂತೆಯೇ ಬರುತ್ತವೆ. ಹೆಸರು ಬದಲಾದ ಕಡತದ ವಿಷಯದಲ್ಲಿ ಮಾತ್ರ ಹೊಸ ಹೆಸರು ಮತ್ತು ಹಳೆಯ ಹೆಸರಿನ ನಡುವೆಯೂ ಅದೇ ಶೂನ್ಯ ಬೈಟ್ ಬರುವುದರಿಂದ, ಎರಡನ್ನೂ ಸೇರಿಸಿಯೇ ಒಂದು ದಾಖಲೆಯೆಂದು ಟೂಲ್ ಓದಬೇಕಾಗುತ್ತದೆ.

ಅತ್ಯಂತ ಕಷ್ಟವಾದದ್ದು ಏನೂ ಬಾರದಿದ್ದಾಗ ಏನು ಹೇಳಬೇಕೆಂಬುದು. ಬದಲಾವಣೆ ಇದ್ದರೂ ಇಲ್ಲದಿದ್ದರೂ ಗಿಟ್ ಸ್ಟೇಟಸ್‌ನ ನಿರ್ಗಮನ ಸಂಕೇತ (ಆಜ್ಞೆ ಯಶಸ್ವಿಯಾಯಿತೇ ಎಂದು ಹೇಳುವ ಸಂಖ್ಯೆ) 0 ಆಗಿರುತ್ತದೆ. ಕಡತಗಳ ಪಟ್ಟಿ ಖಾಲಿ ಇದೆಯೇ ಎಂದು ನೋಡಿಯೇ ತಿಳಿಯಬೇಕು. ಪಟ್ಟಿ ಖಾಲಿ ಇದ್ದ ಮಾತ್ರಕ್ಕೆ ಕೆಲಸವೆಲ್ಲ ಸರ್ವರಿಗೆ ತಲುಪಿದೆ ಎಂದಾಗುವುದಿಲ್ಲ. ಬ್ರ್ಯಾಂಚ್ (ಇತಿಹಾಸದ ಒಂದು ಕವಲು) ಸರ್ವರಿಗಿಂತ ಎಷ್ಟು ಕಮಿಟ್ ಮುಂದಿದೆ, ಎಷ್ಟು ಹಿಂದಿದೆ ಎಂಬ ಲೆಕ್ಕವನ್ನು ಕೇಳಿ ಪಡೆದರೂ, ಅದು ಕಳೆದ ಬಾರಿ ಫೆಚ್ ಮಾಡಿದಾಗ (ಸರ್ವರಿನಿಂದ ಹೊಸ ಮಾಹಿತಿ ತಂದಾಗ) ಗೊತ್ತಿದ್ದ ಸ್ಥಿತಿಯ ಮೇಲೆ ಹಾಕಿದ ಲೆಕ್ಕ. ಗಿಟ್ ಸ್ಟೇಟಸ್ ನೆಟ್‌ವರ್ಕ್‌ಗೆ ಹೋಗಿ ಕೇಳುವುದಿಲ್ಲ. ಆದ್ದರಿಂದ ಕೊನೆಯ ಫೆಚ್ ಯಾವಾಗ ಆಯಿತೆಂಬುದನ್ನೂ ಉತ್ತರದಲ್ಲಿ ಸೇರಿಸಿದೆ. ರೀಬೇಸ್ (ಕಮಿಟ್‌ಗಳನ್ನು ಬೇರೊಂದು ಕಮಿಟ್‌ನ ಮೇಲೆ ಮತ್ತೆ ಜೋಡಿಸುವ ಕೆಲಸ) ಅರ್ಧಕ್ಕೆ ನಿಂತಿದ್ದರೆ ಉದ್ದನೆಯ ಉತ್ತರ ಅದನ್ನು ಹೇಳುತ್ತದೆ, ಪೋರ್ಸಲೇನ್ ರೂಪ ಹೇಳುವುದಿಲ್ಲ. ಬ್ರ್ಯಾಂಚ್ ಹೆಸರಿನ ಜಾಗದಲ್ಲಿ ‘ಡಿಟ್ಯಾಚ್ಡ್’ (ಯಾವ ಬ್ರ್ಯಾಂಚ್‌ನಲ್ಲೂ ಇಲ್ಲ) ಎಂದಷ್ಟೇ ಕಂಡು ಏಜೆಂಟ್ ಹೊಸ ಬ್ರ್ಯಾಂಚ್ ಮಾಡಲು ಹೊರಡಬಹುದು. ಟೂಲ್ ಈಗ ಗಿಟ್‌ನ ಒಳ ಫೋಲ್ಡರನ್ನು ತಾನೇ ನೋಡಿ, ರೀಬೇಸ್ ಅಥವಾ ಮರ್ಜ್ (ಎರಡು ಬ್ರ್ಯಾಂಚ್‌ಗಳನ್ನು ಸೇರಿಸುವುದು) ನಡೆಯುತ್ತಿದ್ದರೆ ಪ್ರತ್ಯೇಕವಾಗಿ ತಿಳಿಸುತ್ತದೆ.

‘ಈ ಟೂಲ್ ಓದುತ್ತದೆ, ಏನನ್ನೂ ಬದಲಾಯಿಸುವುದಿಲ್ಲ’ ಎಂಬ ವಾಕ್ಯವನ್ನೂ ಪರಿಶೀಲಿಸಬೇಕಾಯಿತು. ಗಿಟ್ ಸ್ಟೇಟಸ್ ತನ್ನ ಇಂಡೆಕ್ಸನ್ನು (ಕಡತಗಳ ಸ್ಥಿತಿಯನ್ನು ಬರೆದಿಡುವ ಒಳ ಕಡತ) ನವೀಕರಿಸಿ ಬರೆಯುತ್ತದೆ, ಅದಕ್ಕಾಗಿ ಕ್ಷಣಕಾಲ ಬೀಗವನ್ನೂ ಹಾಕುತ್ತದೆ. ಅದೇ ಹೊತ್ತಿಗೆ ನಾನು ಇನ್ನೊಂದು ಟರ್ಮಿನಲ್‌ನಲ್ಲಿ ಕಮಿಟ್ ಮಾಡಹೊರಟರೆ ಅದು ವಿಫಲವಾಗಬಹುದು. 2017ರ ಗಿಟ್ 2.15ರಿಂದ ಈ ಐಚ್ಛಿಕ ಬೀಗವನ್ನು ಬಿಡುವ ಆಯ್ಕೆ ಇದೆ. ಅದನ್ನು ಸೇರಿಸಿದ ಮೇಲಷ್ಟೇ ಆ ವಾಕ್ಯವನ್ನು ವಿವರಣೆಯಲ್ಲಿ ಉಳಿಸಿಕೊಂಡೆ.

ಸಬ್‌ಮಾಡ್ಯೂಲ್‌ಗಳ (ಒಂದು ರೆಪೊದ ಒಳಗಿರುವ ಇನ್ನೊಂದು ರೆಪೊ) ಭಾಗ ಬಾಕಿ ಇದೆ. ಎರಡನೆಯ ಪೋರ್ಸಲೇನ್ ರೂಪದಲ್ಲಿ ಅದಕ್ಕೆಂದೇ ನಾಲ್ಕು ಗುರುತುಗಳ ಒಂದು ಅಂಕಣವಿದ್ದು, ಒಳಗಿನ ಕಮಿಟ್ ಬದಲಾಗಿದೆಯೇ, ಕಡತ ತಿದ್ದಲಾಗಿದೆಯೇ, ಟ್ರ್ಯಾಕ್ ಆಗದ ಕಡತಗಳಿವೆಯೇ ಎಂಬುದನ್ನು ಬೇರೆ ಬೇರೆಯಾಗಿ ಹೇಳುತ್ತದೆ. ಈ ವಾರ ಅದಕ್ಕೆ ಉದಾಹರಣೆಗಳನ್ನು ಬರೆಯುತ್ತೇನೆ.