ಪಾರ್ಕಿಂಗಿನಲ್ಲಿ ಗಾಡಿ ತಾಗಿತು, ದುಡ್ಡು ಯಾರು ಕೊಡಬೇಕು?

ಮೇ ಕೊನೆಯ ಭಾನುವಾರ, ಮಂಗಳೂರಿನ ಕದ್ರಿ ಹತ್ತಿರದ ಒಂದು ಹಾಲ್‌ನಲ್ಲಿ ಚಿಕ್ಕಮ್ಮನ ಕಡೆಯ ಮದುವೆ. ಊಟ ಮುಗಿಸಿ ಹೊರಗೆ ಬರುವಾಗ ಸಣ್ಣಗೆ ಮಳೆ. ರಿವರ್ಸ್ ಹಾಕಿದೆ, ಕ್ಯಾಮೆರಾ ಮೇಲೆ ನೀರಿನ ಹನಿ ಕೂತು ಪರದೆಯಲ್ಲಿ ಎಲ್ಲ ಮಸುಕು. ಎರಡೂ ಕಡೆ ಕನ್ನಡಿ ನೋಡಿದೆ, ಖಾಲಿ ಅನಿಸಿತು, ಹಿಂದೆ ಬಿಟ್ಟೆ. ಟಕ್ ಅಂತ ಶಬ್ದ. ಇಳಿದು ನೋಡಿದರೆ ಬೂದು ಬಣ್ಣದ ಕಾರೊಂದರ ಹಿಂದಿನ ಬಾಗಿಲಿಗೆ ನನ್ನ ಬಂಪರಿನ ಮೂಲೆ ಒರಗಿಕೊಂಡಿದೆ. ಕೆಎ 20, ಉಡುಪಿ ಕಡೆಯ ಗಾಡಿ. ಒಳಗೆ ಅರವತ್ತು ದಾಟಿದ ಗಂಡ ಹೆಂಡತಿ.

ನನ್ನ ಬಾಯಿಂದ ಮೊದಲು ಬಂದ ಮಾತು, "ಅಂಕಲ್, ಪಾರ್ಕಿಂಗಲ್ಲಿ ಇಷ್ಟು ಸ್ಪೀಡಾಗಿ ಬಂದ್ರೆ ಹೇಗೆ?"

"ನಾನು ನಿಂತೇ ಇದ್ದೆ ಅಮ್ಮ. ಮುಂದೆ ಅಡುಗೆಯವರ ಟೆಂಪೋ ಉಂಟಲ್ಲ, ಎಲ್ಲಿಗೆ ಹೋಗೋದು?" ಅಂದರು ಅವರು, ಜೋರು ಮಾಡದೆ.

"ದಾದ ಆಂಡ್?" (ಏನಾಯಿತು?) ಅಂತ ತುಳುವಿನಲ್ಲಿ ಕೇಳುತ್ತಾ ಜನ ಸೇರಿದರು. ಎರಡು ನಿಮಿಷದಲ್ಲಿ ಹತ್ತು ತೀರ್ಪು ಬಂತು. ಚಿಕ್ಕಮ್ಮನ ಮಗ ಕಿವಿ ಹತ್ತಿರ ಬಂದು, "ಅಕ್ಕ, ಇನ್ಶೂರೆನ್ಸ್ ಉಂಟಲ್ಲ. ಅವರವರ ಗಾಡಿ ಅವರವರು ಮಾಡಿಸಿಕೊಳ್ಳಲಿ, ಸುಮ್ನೆ ಹೊರಡಿ" ಅಂದ. ಕೇಳಲಿಕ್ಕೆ ನ್ಯಾಯ ಅನಿಸುವ ಮಾತು, ನಮ್ಮಲ್ಲಿ ಎಲ್ಲರೂ ಹೇಳುವುದೇ ಅದು. ಅದು ಎಷ್ಟು ದೊಡ್ಡ ಅನ್ಯಾಯ ಅಂತ ನನಗೆ ಗೊತ್ತಾದದ್ದು ಆಮೇಲೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಷ್ಟು ಗಡಿಬಿಡಿಯಲ್ಲೂ ಒಂದು ಕೆಲಸ ಸರಿ ಮಾಡಿದ್ದೆ. ಗಾಡಿ ಸರಿಸುವ ಮೊದಲೇ ಫೋಟೋ ತೆಗೆದಿದ್ದೆ. ದೂರದಿಂದ ಎರಡೂ ಗಾಡಿ ಒಟ್ಟಿಗೆ ಕಾಣುವ ಹಾಗೆ ನಾಲ್ಕು, ತಾಗಿದ ಜಾಗದ್ದು ಹತ್ತಿರದಿಂದ ಎರಡು, ಮುಂದಿದ್ದ ಟೆಂಪೋ ಸಮೇತ ಒಂದು. ಹಿಂದೆ ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದರು, ಹೊಡೆಯಲಿ. ಒಮ್ಮೆ ಗಾಡಿ ಸರಿಸಿದರೆ ಉಳಿಯುವುದು ಬರೀ ಬಾಯಿಮಾತು. ಇಬ್ಬರೂ ನಂಬರ್ ಕೊಟ್ಟುಕೊಂಡೆವು, ನಾಳೆ ಮಾತಾಡುವ ಅಂತ ಹೊರಟೆವು.

ಮರುದಿನ ನಮ್ಮ ಟಿಂಕರಿಂಗ್‌ನವರಿಗೆ ಆ ಫೋಟೋ ತೋರಿಸಿದೆ, ನನ್ನದೇ ಸರಿ ಅಂತ ಅನಿಸಿಕೊಳ್ಳಲಿಕ್ಕೆ. ಅವರು ಬಾಗಿಲಿನ ಫೋಟೋ ದೊಡ್ಡದು ಮಾಡಿದರು. ಬಾಗಿಲಿನ ನಡುವೆ ಒಂದು ಬಟ್ಟಲಿನಷ್ಟು ಗುಂಡಿ, ಅದರ ಮೇಲೆ ಉಗುರಿನಷ್ಟಗಲ ನನ್ನ ಗಾಡಿಯ ಬಿಳಿ ಬಣ್ಣ. ಅಷ್ಟೇ. "ಅವರು ಓಡುತ್ತಾ ಇದ್ದಿದ್ರೆ ಇಲ್ಲಿಂದ ಇಲ್ಲಿಗೆ ಉದ್ದ ಗೀರು ಬೀಳ್ತಿತ್ತು" ಅಂತ ಪರದೆ ಮೇಲೆ ಬೆರಳು ಎಳೆದು ತೋರಿಸಿದರು. "ಇದು ನಿಂತ ಗಾಡಿಗೆ ಗುದ್ದಿದ್ದು." ನನ್ನಲ್ಲಿ ಮಾತಿರಲಿಲ್ಲ. ಆ ಹಿರಿಯರು ಹೇಳಿದ್ದು ನಿಜ. ಅಷ್ಟು ಜನರ ಮುಂದೆ ಅವರಿಗೆ ಸ್ಪೀಡ್ ಅಂತ ಹೇಳಿದ್ದು ಈಗಲೂ ನನಗೆ ಬೇಸರ.

ಕಾನೂನು ನೋಡಿದರೂ ಅಷ್ಟೇ. 2017ರ ಮೋಟಾರು ವಾಹನ ಚಾಲನೆ ನಿಯಮಗಳ ಪ್ರಕಾರ, ಯಾರಿಗೂ ಅಪಾಯ ಇಲ್ಲ ಅಂತ ಖಾತ್ರಿ ಇದ್ದಾಗ ಮಾತ್ರ ರಿವರ್ಸ್ ತೆಗೆಯಬೇಕು. ಕ್ಯಾಮೆರಾ ಕಾಣಲಿಲ್ಲ ಅನ್ನುವುದು ನೆವ. ಕಾಣದಿದ್ದರೆ ಯಾರನ್ನಾದರೂ ಇಳಿಸಿ ಹಿಂದೆ ನಿಲ್ಲಿಸಬೇಕಿತ್ತು, ನನ್ನ ತಮ್ಮ ಪಕ್ಕದಲ್ಲೇ ಕೂತಿದ್ದ.

ಈಗ ಇನ್ಶೂರೆನ್ಸ್ ವಿಷಯಕ್ಕೆ ಬರುತ್ತೇನೆ. ನಮ್ಮ ಪಾಲಿಸಿಯಲ್ಲಿ ಎರಡು ಭಾಗ ಇರುತ್ತದೆ. ಥರ್ಡ್ ಪಾರ್ಟಿ ಅಂದರೆ ನಮ್ಮಿಂದ ಬೇರೆಯವರಿಗೆ ಆದ ನಷ್ಟಕ್ಕೆ, ಅದು 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಕಡ್ಡಾಯ. ಓನ್ ಡ್ಯಾಮೇಜ್ ಅಂದರೆ ನಮ್ಮ ಗಾಡಿಗೆ ಆದದ್ದಕ್ಕೆ. ಕಾರಿನ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಬೇರೆಯವರ ಆಸ್ತಿಗೆ ಸಾಮಾನ್ಯವಾಗಿ ಏಳೂವರೆ ಲಕ್ಷದ ತನಕ ಕವರ್ ಉಂಟು. ಹಾಗಾದರೆ ಅವರ ಬಾಗಿಲು ನನ್ನ ಕಂಪನಿಯೇ ಮಾಡಿಸಿಕೊಡಬಹುದಲ್ವಾ? ಕಾಗದದ ಮೇಲೆ ಹೌದು. ಆದರೆ ಆ ದುಡ್ಡು ಪಡೆಯುವ ದಾರಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ, ಅಂದರೆ ವಕೀಲರು, ಅರ್ಜಿ, ವಾಯಿದೆ. ಒಂದು ಬಾಗಿಲಿನ ಗುಂಡಿಗೆ ಯಾರು ಹೋಗುತ್ತಾರೆ?

ಹಾಗಾಗಿ ಅವರು ತಮ್ಮದೇ ಓನ್ ಡ್ಯಾಮೇಜ್‌ನಲ್ಲಿ ಕ್ಲೈಮ್ ಮಾಡಬೇಕು. ಅಲ್ಲಿ ತಪ್ಪು ಯಾರದ್ದು ಅನ್ನುವುದು ಲೆಕ್ಕಕ್ಕೇ ಇಲ್ಲ. ಗುದ್ದಿಸಿಕೊಂಡವರು ಕ್ಲೈಮ್ ಮಾಡಿದರೂ ಅವರ ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಸೊನ್ನೆಗೆ ಇಳಿಯುತ್ತದೆ. ಅವರವರದ್ದು ಅವರವರು ಮಾಡಿಸಿಕೊಳ್ಳಲಿ ಅಂದರೆ ನಿಜವಾದ ಅರ್ಥ ಇದು: ನಾನು ಮಾಡಿದ ತಪ್ಪಿಗೆ ಅವರು ಐದು ವರ್ಷ ಜೋಪಾನ ಮಾಡಿದ ಬೋನಸ್ ಹೋಗಲಿ.

ಅದು ಎಷ್ಟು ದುಡ್ಡು ಅಂತ ರಾತ್ರಿ ಕೂತು ಲೆಕ್ಕ ಹಾಕಿದೆ. ಬೋನಸ್ ಸಿಗುವುದು ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ ಮಾತ್ರ. ಕ್ಲೈಮ್ ಇಲ್ಲದೆ ಒಂದು ವರ್ಷ ಕಳೆದರೆ 20%, ಆಮೇಲೆ 25, 35, 45, ಐದನೇ ವರ್ಷಕ್ಕೆ 50%. ಅಲ್ಲಿಗೆ ನಿಲ್ಲುತ್ತದೆ. 50%ನಲ್ಲಿ ಇರುವವರು ಒಂದು ಕ್ಲೈಮ್ ಮಾಡಿದರೆ ಮುಂದಿನ ಸಲ ಸೊನ್ನೆ, ಮತ್ತೆ ಮೊದಲಿಂದ ಹತ್ತಬೇಕು. ಪ್ರತಿ ವರ್ಷ ಕಳೆದುಕೊಳ್ಳುವುದನ್ನು ಕೂಡಿಸಿದರೆ 50, 30, 25, 15, 5, ಒಟ್ಟು 125%. ಬೋನಸ್ ಕಳೆಯುವ ಮೊದಲಿನ ಪ್ರೀಮಿಯಂ 8,000 ರೂಪಾಯಿ ಇದ್ದರೆ 10,000 ರೂಪಾಯಿ ಹೋಯಿತು. ವರ್ಷ ಹೋದಂತೆ ಗಾಡಿಯ ಬೆಲೆ ಇಳಿದು ಪ್ರೀಮಿಯಂ ಸ್ವಲ್ಪ ಕಡಿಮೆ ಆಗುತ್ತದೆ, ಆದರೂ ಸಣ್ಣ ಮೊತ್ತ ಅಲ್ಲ.

ಸಿಗುವುದೆಷ್ಟು ಅದನ್ನೂ ನೋಡಿ. ನನ್ನ ಬಂಪರಿಗೆ ಟ್ಯಾಕ್ಸ್ ಬಿಟ್ಟು 7,000 ಅಂದರು: ಹೊಸ ಬಂಪರ್ 3,200, ಪೈಂಟ್ 3,000, ಕೂಲಿ 800. ನನ್ನದರಲ್ಲಿ ಝೀರೋ ಡೆಪ್ (ಸವಕಳಿ ಕಳೆಯದೆ ದುಡ್ಡು ಕೊಡುವ ಆಡ್‌ಆನ್) ಇಲ್ಲ, ಪ್ಲಾಸ್ಟಿಕ್ಕಿಗೆ ಅರ್ಧವೇ ಕೊಡುತ್ತಾರೆ, 1,600. ಪೈಂಟಿನ ಬಿಲ್ಲಿನಲ್ಲಿ ಕಾಲು ಭಾಗವನ್ನು ಸಾಮಾನು ಅಂತ ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ, 2,625 ಸಿಗುತ್ತದೆ. ಕೂಲಿ ಪೂರ್ತಿ. ಕೊನೆಗೆ 1500 ಸಿಸಿ ತನಕದ ಕಾರಿಗೆ ಕಡ್ಡಾಯವಾಗಿ ನಾವೇ ಹಾಕಬೇಕಾದ 1,000 ತೆಗೆದರೆ ಕೈಗೆ 4,025. ಅದಕ್ಕೋಸ್ಕರ ಬೋನಸ್ ಕಳೆದುಕೊಳ್ಳೋದಾ? ಝೀರೋ ಡೆಪ್ ಇದ್ದವರಿಗೆ ಕೈಗೆ ಬರುವುದು ಜಾಸ್ತಿ, ಆದರೆ ಬೋನಸ್ ಅವರದ್ದೂ ಹೋಗುತ್ತದೆ, ಅದನ್ನು ಉಳಿಸಲಿಕ್ಕೆ ಬೇರೆಯೇ ಆಡ್‌ಆನ್ ಬೇಕು.

ಮಂಗಳವಾರ ಬೆಳಿಗ್ಗೆ ಅವರಿಗೆ ಫೋನ್ ಮಾಡಿದೆ. "ಅಂಕಲ್, ತಪ್ಪು ನನ್ನದೇ. ಆ ದಿನ ಹಾಗೆ ಮಾತಾಡಬಾರದಿತ್ತು. ನೀವು ಕ್ಲೈಮ್ ಮಾಡಬೇಡಿ, ನಿಮ್ಮ ಗ್ಯಾರೇಜಿಗೇ ನಾನು ದುಡ್ಡು ಹಾಕುತ್ತೇನೆ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಾನು ಏಜೆಂಟಿಗೆ ಫೋನ್ ಮಾಡುವ ಅಂತಲೇ ಇದ್ದೆ ಅಮ್ಮ" ಅಂದರು. ಕಾಪು ಹತ್ತಿರದ ಅವರ ಗ್ಯಾರೇಜಿನವರು ಎಸ್ಟಿಮೇಟ್ ಕಳಿಸಿದರು, 6,800. ಬಾಗಿಲು ಬದಲಿಸುವುದು ಬೇಡ, ಗುಂಡಿ ಎಬ್ಬಿಸಿ ಪೈಂಟ್ ಮಾಡಿದರೆ ಸಾಕು ಅಂತ ಹೇಳಿಸಿದ್ದು ಅಂಕಲ್ಲೇ. ನೇರ ಗ್ಯಾರೇಜಿಗೆ ಕಳಿಸಿದೆ. ಯಾವ ಗಾಡಿ, ಯಾವ ದಿನದ್ದು, ಎಷ್ಟು, ಇಲ್ಲಿಗೆ ಮುಗಿಯಿತು ಅಂತ ವಾಟ್ಸಾಪಿನಲ್ಲಿ ಇಬ್ಬರೂ ಒಂದೊಂದು ಸಾಲು ಬರೆದುಕೊಂಡೆವು. ನಂಬಿಕೆ ಇಲ್ಲ ಅಂತಲ್ಲ, ಇಬ್ಬರಿಗೂ ನಿದ್ದೆ ಬರಲಿ ಅಂತ.

ಒಂದು ಮಾತು ಮರೆಯಬೇಡಿ. ನಾನು ಮಾಡಿದ್ದು ಸಣ್ಣ ಗುಂಡಿಗೆ ಮಾತ್ರ ಸರಿ. ಯಾರಿಗಾದರೂ ಪೆಟ್ಟಾಗಿದ್ದರೆ ಮೊದಲು ಆಸ್ಪತ್ರೆ, ಆಮೇಲೆ ಪೊಲೀಸ್, ಕಂಪನಿಗೂ ತಿಳಿಸಲೇಬೇಕು, ಅಲ್ಲಿ ದುಡ್ಡು ಕೊಟ್ಟು ಮುಗಿಸುವ ಮಾತೇ ಇಲ್ಲ. ದೊಡ್ಡ ನಷ್ಟ ಆಗಿ ಕಂಪನಿಯಿಂದ ಕೊಡಿಸುವ ಯೋಚನೆ ಇದ್ದರೂ ಸ್ಥಳದಲ್ಲೇ ನಾನು ಕೊಡುತ್ತೇನೆ ಅಂತ ಬರೆದುಕೊಡಬೇಡಿ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಕೊಳ್ಳಬಾರದು, ಮಾತು ಕೊಡಬಾರದು ಅಂತ ಪಾಲಿಸಿಯ ಷರತ್ತಿನಲ್ಲೇ ಉಂಟು. ಕ್ಲೈಮ್ ಮಾಡುವುದಾದರೆ ನಷ್ಟ ಅಂದಾಜು ಮಾಡುವ ಸರ್ವೇಯರ್ ನೋಡುವ ಮೊದಲು ರಿಪೇರಿ ಶುರು ಮಾಡಿಸಬೇಡಿ. ಎದುರಿನವರ ಇನ್ಶೂರೆನ್ಸ್ ಚಾಲ್ತಿಯಲ್ಲಿ ಉಂಟಾ ಅಂತ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿ ಅಲ್ಲೇ ನೋಡಬಹುದು.

ಹತ್ತು ದಿನ ಬಿಟ್ಟು ಅಂಕಲ್ ಬಾಗಿಲಿನ ಫೋಟೋ ಕಳಿಸಿದರು. ಗುಂಡಿ ಎಲ್ಲಿತ್ತು ಅಂತ ಗೊತ್ತೇ ಆಗುವುದಿಲ್ಲ. ಕೆಳಗೆ, "ಉಡುಪಿ ಕಡೆ ಬಂದರೆ ಮನೆಗೆ ಬನ್ನಿ, ಇವಳೂ ಹೇಳಿದ್ದಾಳೆ." ನನ್ನ ಬಂಪರ್ ಇನ್ನೂ ಹಾಗೇ ಉಂಟು. ಒಳಗಿನ ಕ್ಲಿಪ್ ಮಾತ್ರ ಹಾಕಿಸಿದ್ದೇನೆ, ಪೈಂಟ್ ಮಳೆ ಬಿಟ್ಟ ಮೇಲೆ.