ಮಣ್ಣಿನ ಮೇಲಿನ ಮುರಗಿ

ಹೋದ ವಾರ ತಂಗಿಯ ಮಗಳು ಧಾರವಾಡಕ್ಕೆ, ಮಾಳಮಡ್ಡಿಯ ನಮ್ಮ ಮನೆಗೆ ಬಂದಿದ್ದಳು. ನಾನು ಕಟ್ಟೆಯ ಮೇಲೆ ಕೂತು ಇಳಕಲ್ ಸೀರೆಯ ಸೆರಗಿಗೆ ಕಸೂತಿ ಹಾಕುತ್ತಿದ್ದೆ. ಫೋನ್ ಮುಂದೆ ಹಿಡಿದು, "ದೊಡ್ಡವ್ವ, ಇದು ನಿಮ್ಮ ಮುರಗಿ ಇದ್ದಂಗ ಐತಿ ನೋಡ್ರಿ" ಅಂದಳು. ಮುರಗಿ ಅಂದರೆ ಕಸೂತಿಯಲ್ಲಿ ಮೆಟ್ಟಿಲಿನ ಹಾಗೆ ಏರಿಳಿಯುವ ಹೊಲಿಗೆ.

ಒಡೆದ ಮಡಕೆಯ ಚೂರು. ಅದರ ಮೇಲೆ ಚುಕ್ಕಿಗಳ ಸಾಲು, ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿದಿತ್ತು. ಚುಕ್ಕಿಗಳಲ್ಲಿ ಸುಣ್ಣ ತುಂಬಿ ಬೆಳ್ಳಗಾಗಿತ್ತು. ಚಂದ್ರಕಾಳಿ ಸೀರೆಯ ಕಪ್ಪಿನ ಮೇಲೆ ಬಿಳಿ ದಾರ ಎಳೆದ ಹಾಗೆ!

ಅದು ಲಪಿತಾ ಜನರ ಮಡಕೆಯಂತೆ. ಸುಮಾರು 3000 ವರ್ಷದ ಹಿಂದೆ ಪೆಸಿಫಿಕ್ ದ್ವೀಪಗಳ ಕಡಲಂಚಿನಲ್ಲಿ ನೆಲೆ ನಿಂತವರು. ವನುವಾಟು, ಫಿಜಿ, ಟೊಂಗಾ ಕಡೆ ಅವರಿಗಿಂತ ಮುಂಚೆ ಮನುಷ್ಯರೇ ಇರಲಿಲ್ಲ. ದೋಣಿಯಲ್ಲಿ ಹಂದಿ, ಕೋಳಿ, ಕೆಸುವಿನ ಗಡ್ಡೆ ಎಲ್ಲ ಹೇರಿಕೊಂಡು ಹೋಗಿದ್ದರು. ಲಪಿತಾ ಅನ್ನೋದು ಅವರು ಇಟ್ಟುಕೊಂಡ ಹೆಸರಲ್ಲ. 1952ರಲ್ಲಿ ಅದೇ ಕಡಲಿನ ನ್ಯೂ ಕ್ಯಾಲಿಡೋನಿಯಾ ದ್ವೀಪದಲ್ಲಿ ಅಗೆದ ಪುರಾತತ್ವದವರು ಅಲ್ಲಿಯವರ ಒಂದು ಮಾತನ್ನು ತಪ್ಪಾಗಿ ಕೇಳಿಸಿಕೊಂಡು ಊರಿನ ಹೆಸರು ಅಂತ ಬರೆದುಕೊಂಡರು. ಆ ಮಾತಿನ ಅರ್ಥ ಗುಂಡಿ ತೋಡುವುದು.

ಆ ರಾತ್ರಿ ಇಬ್ಬರೂ ಇದನ್ನೇ ಓದುತ್ತಾ ಕೂತೆವು. ಅವರಿಗೆ ಕುಂಬಾರನ ತಿಗರಿ ಇರಲಿಲ್ಲ, ಕೈಯಲ್ಲೇ ಮಾಡುತ್ತಿದ್ದರು. ಮಣ್ಣು ಹಸಿ ಇರುವಾಗಲೇ ಬಾಚಣಿಗೆಯಂಥ ಹಲ್ಲಿನ ಅಚ್ಚು ಒತ್ತುತ್ತಿದ್ದರು. ಮಣ್ಣಿಗೆ ಮರಳು ಬೆರೆಸುತ್ತಿದ್ದರಲ್ವಾ, ಆ ಮರಳಿನ ಕಣ ನೋಡಿ ಮಡಕೆ ಯಾವ ದ್ವೀಪದ್ದು ಅಂತ ಭೂವಿಜ್ಞಾನಿಗಳು ಹೇಳುತ್ತಾರೆ. ಹಾಗಾಗಿಯೇ ಒಂದು ದ್ವೀಪದ ಮಡಕೆ ಇನ್ನೊಂದಕ್ಕೆ ಹೋಗಿದ್ದು ಗೊತ್ತಾಗಿದೆ.

ವನುವಾಟುವಿನ ತಿಯೋಮಾದಲ್ಲಿ ಅವರ ಸ್ಮಶಾನ ಸಿಕ್ಕಿದೆ. 2004ರಿಂದ ಅಗೆದರು. ಹೂತ ಮೇಲೆ ತಲೆಬುರುಡೆ ತೆಗೆದು ಬೇರೆ ಕಡೆ ಇಟ್ಟಿದ್ದಾರೆ. ಒಬ್ಬರ ಎದೆಯ ಮೇಲೆ ಮೂರು ಬುರುಡೆ ಇದ್ದವು. ಅಲ್ಲೇ ಸಿಕ್ಕ ಒಂದು ಮಡಕೆಯ ಅಂಚಿನ ಮೇಲೆ ಮಣ್ಣಿನ ಹಕ್ಕಿಗಳು ಕೂತಿವೆ. ಸತ್ತವರ ಜೊತೆ ಇಡುವುದಕ್ಕೂ ಅಷ್ಟು ಚೆಂದ ಮಾಡಿದ್ದಾರಲ್ಲ ಅಂತ ನನಗೆ ಕಣ್ಣು ತುಂಬಿ ಬಂತು.

ಅವರಿಗೂ ನಮ್ಮ ಕಸೂತಿಗೂ ಯಾವ ಸಂಬಂಧವೂ ಇಲ್ಲ, ಗೊತ್ತು. ಆದರೂ ಮೊದಲು ನೋಡಿದ ಆ ಚೂರಿನ ಚಿತ್ರವನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡುತ್ತಲೇ ಇದ್ದೆ. ಒಂದು ಮೂಲೆಯಲ್ಲಿ ಅಚ್ಚು ಸರಿಯಾಗಿ ಕೂಡಿಲ್ಲ. ಒಂದರ ಮೇಲೊಂದು ಬಿದ್ದು ಚುಕ್ಕಿಗಳು ಕಲಸಿಹೋಗಿವೆ. ಸಾಲು ಮುಗಿಯುವಾಗ ಜಾಗ ಸಾಲದೆ ಬಂದಿರಬೇಕು. ನನಗೂ ಸೆರಗಿನ ತುದಿಯಲ್ಲಿ ಹೀಗೇ ಆಗುತ್ತದೆ. ಗೋಪುರದ ಚಿತ್ತಾರ ಎಣಿಸಿ ಎಣಿಸಿ ಹಾಕಿದರೂ ಕೊನೆಗೆ ಎರಡು ಎಳೆ ಕಮ್ಮಿ.

ಮುಂದೆ ಕೆಲವು ನೂರು ವರ್ಷಗಳಲ್ಲಿ ಆ ಚುಕ್ಕಿ ಅಚ್ಚು ನಿಂತೇ ಹೋಯಿತಂತೆ. ಮಡಕೆ ಉಳಿಯಿತು, ಬರೀ ಅಡುಗೆಯ ಸಾದಾ ಮಡಕೆ. ಇದನ್ನು ಓದಿ ತುಂಬಾ ಸಂಕಟವಾಯಿತು. ಯಾವಾಗಲೋ ಒಬ್ಬರು ಕೊನೆಯ ಅಚ್ಚು ಒತ್ತಿರುತ್ತಾರೆ. ಇದೇ ಕೊನೆಯದು ಅಂತ ಅವರಿಗೆ ಗೊತ್ತಿತ್ತಾ?

ಮರುದಿನ ಬೆಳಿಗ್ಗೆ ಹುಡುಗಿಯ ಕೈಗೆ ಸೂಜಿ ಕೊಟ್ಟೆ. ಗವಂತಿಯಿಂದ ಶುರು, ಅದು ಕಸೂತಿಯ ಗೆರೆ ಹೊಲಿಗೆ. ಬಟ್ಟೆ ಮೇಲೆ ಗೆರೆ ಬರೆದುಕೊಳ್ಳುವ ಹಾಗಿಲ್ಲ, ಎಳೆ ಎಣಿಸಬೇಕು. ಗಂಟು ಹಾಕಬಾರದು. ಹೋದ ದಾರಿಯಲ್ಲೇ ವಾಪಸ್ ಬರಬೇಕು. ಮೂರನೇ ಸಾಲಿಗೆ ಒಂದು ಎಳೆ ತಪ್ಪಿದಳು. ಬಿಚ್ಚಲು ಹೋದಳು.

"ಇರಲಿ ಬಿಡು, ಮುಂದ ಹಾಕು" ಅಂದೆ.